ಮುಂದೆ ನಾನು, ಹಿಂದೆ ಅವಳು

ಹೋದ ಜನವರಿಯಲ್ಲಿ ಒಂದು ದಿನ, ವಾರವಿಡೀ ಕವಿದಿದ್ದ ಮಂಜು ಹರಿದು ಇಂದಿರಾಪುರಂನ ನಮ್ಮ ಬಾಲ್ಕನಿಗೆ ಬಿಸಿಲು ಬಂತು. ನಾನು ಚಾಪೆ ಹಾಸಿಕೊಂಡು ಬಟಾಣಿ ಸುಲಿಯಲು ಕೂತೆ. ಚಳಿಗಾಲದಲ್ಲಿ ದೆಹಲಿಯ ಹೆಂಗಸರೆಲ್ಲ ಮಾಡುವ ಕೆಲಸ ಅದು. ನಾನೂ ಇಲ್ಲಿಗೆ ಬಂದ ಹೊಸದರಲ್ಲೇ ಕಲಿತಿದ್ದೆ. ಸುಲಿದು ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ. ನೋವೇನೂ ಇರಲಿಲ್ಲ. ಏಳಬೇಕೆಂದು ನಾನು ಹೇಳಿದ ಮಾತು ಕಾಲಿಗೆ ಕೇಳಿಸಲೇ ಇಲ್ಲ, ಅಷ್ಟೆ. ಮಗ್ಗುಲಿಗೆ ವಾಲಿ, ಅಂಗೈ ಊರಿ, ಮಂಡಿಯ ಮೇಲೆ ಬಂದು, ಬಾಲ್ಕನಿಯ ಕಂಬಿ ಹಿಡಿದು ಅಂತೂ ನಿಂತುಕೊಂಡೆ.

ಒಳಗೆ ಮಗಳು ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿದ್ದವಳು ಎಲ್ಲ ನೋಡಿದ್ದಳು. ಮೈಕ್ ಆಫ್ ಮಾಡಿ, "ಅಮ್ಮ, ಕುರ್ಸಿ ಪೇ ಬೈಠೋ ನಾ. ನೆಲದ ಮೇಲೆ ಯಾಕೆ ಕೂತ್ಕೊಳ್ತೀಯಾ?" ಎಂದಳು.

"ಬಿಸಿಲು ನೆಲದ ಮೇಲಿತ್ತಲ್ಲ," ಎಂದೆ.

ಅವಳು ನಕ್ಕು ಮತ್ತೆ ಮೀಟಿಂಗಿಗೆ ಹೋದಳು. ಸಂಜೆ ನಾನು ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅಕ್ಕ, "ಕಡೀಗೂ ಬಂದಿ ನೋಡು ನನ್ನ ಸಾಲಿಗೆ," ಎಂದು ಸಣ್ಣಗೆ ನಕ್ಕಳು. "ನಾ ನೆಲದ ಮ್ಯಾಲೆ ಕೂತು ಎಷ್ಟು ವರ್ಷ ಆತು, ನನಗ ನೆನಪಿಲ್ಲ."

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಧಾರವಾಡದ ಕಡೆಯವಳು, ಈಗ ದೆಹಲಿಯ ಪೀತಮ್‌ಪುರದಲ್ಲಿದ್ದಾಳೆ. ನಾನು ಮೈಸೂರಿನ ಕಡೆಯವಳು. ಊರಿನಲ್ಲೇ ಇದ್ದಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವ ಪ್ರಮೇಯವೇ ಬರುತ್ತಿರಲಿಲ್ಲ. ನಮ್ಮನ್ನು ಕೂಡಿಸಿದ್ದು ದೆಹಲಿ, ಮತ್ತು ದೆಹಲಿಯಲ್ಲಿ ಯಾರೂ ಆಡದ ಒಂದು ಆಟ.

ಈಗಿನವರಿಗೆ ಬ್ಯಾಡ್ಮಿಂಟನ್ ಎಂದರೆ ಶಟಲ್ ಕಾಕ್ ಮಾತ್ರ. ನಮ್ಮದು ಬಾಲ್ ಬ್ಯಾಡ್ಮಿಂಟನ್. ಅದಕ್ಕೆ ಹಳದಿ ಉಣ್ಣೆಯ ಪುಟ್ಟ ಚೆಂಡು. ಬಯಲಿನಲ್ಲಿ ಆಡುವುದು, ಒಂದೊಂದು ಕಡೆಗೆ ಐದೈದು ಜನ. ಚೆಂಡು ನೆಲಕ್ಕೆ ತಾಗಿತೋ, ಮುಗಿಯಿತು. ನಾನು ಓದುವಾಗ ನಮ್ಮ ಕಡೆಯ ಕಾಲೇಜುಗಳಲ್ಲಿ ಅದರ ಹುಚ್ಚು ಬಹಳ. ನಾನು ಕಾಲೇಜು ತಂಡದಲ್ಲಿದ್ದೆ. ಪರೀಕ್ಷೆ ಬರೆದು ಕೇಂದ್ರ ಸರ್ಕಾರದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದಾಗ ನನಗೆ ಇಪ್ಪತ್ತೆರಡು ವರ್ಷ. ದೆಹಲಿಗೆ ಹೊರಡುವ ದಿನ ಅಮ್ಮ ಟ್ರಂಕಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ತುಂಬಿದ ಮೇಲೆ ರ್‍ಯಾಕೆಟ್ಟಿಗೆ ಜಾಗ ಉಳಿಯಲಿಲ್ಲ. ಅಷ್ಟು ದೂರದಲ್ಲಿ ಯಾರು ಆಡುತ್ತಾರೆ ಎಂದು ನಾನೇ ಬಿಟ್ಟು ಬಂದೆ.

ಆಡುವವರಿದ್ದರು. ನಮ್ಮ ಸೆಕ್ಷನ್ನಿನಲ್ಲಿ ಕನ್ನಡದವರೊಬ್ಬರು ಹಿರಿಯರಿದ್ದರು. ಲೇಡೀಸ್ ಹಾಸ್ಟೆಲಿನ ರೋಟಿ ರಾಜ್ಮಾ ತಿಂದು ನಾನು ಸೊರಗುತ್ತಿರುವುದನ್ನು ಕಂಡು, "ಭಾನುವಾರ ಬೆಳಿಗ್ಗೆ ಬಾಮ್ಮ ನಮ್ಮ ಮನೆಗೆ, ಇಡ್ಲಿ ಮಾಡ್ತಾಳೆ ನಮ್ಮಾಕೆ," ಎಂದು ಕರೆದರು. ಅವರ ಮನೆ ಒಂದು ಸರ್ಕಾರಿ ಕಾಲೋನಿಯಲ್ಲಿತ್ತು. ಹಳದಿ ಬಳಿದ ಎರಡಂತಸ್ತಿನ ಕ್ವಾರ್ಟರ್ಸುಗಳು, ನಡುವೆ ಮೈದಾನ, ಮೈದಾನದ ಅಂಚಿಗೆ ಬೇವಿನ ಮರಗಳು. ನಾನು ಹೋದಾಗ ಅವರು ಮನೆಯಲ್ಲಿರಲಿಲ್ಲ. ಬನಿಯನ್ ತೊಟ್ಟು ಮೈದಾನದಲ್ಲಿ ನೆಟ್ ಕಟ್ಟುತ್ತಿದ್ದರು. ಸುತ್ತ ಏಳೆಂಟು ಜನ ಕನ್ನಡದವರು, ಎಲ್ಲರೂ ಗುಮಾಸ್ತರು, ಅಕೌಂಟ್ಸಿನವರು. ಅವರ ಕೈಯಲ್ಲಿ ಆ ಹಳದಿ ಚೆಂಡು ಕಂಡು ನನಗೆ ಊರೇ ಎದುರು ಬಂದ ಹಾಗಾಯಿತು. ಆ ಚೆಂಡು ದೆಹಲಿಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ರಜೆಗೆ ಊರಿಗೆ ಹೋದವರು ಕಾಫಿಪುಡಿಯ ಜೊತೆಗೆ ಅದನ್ನೂ ತರುತ್ತಿದ್ದರಂತೆ.

ಆ ದಿನ ಇಬ್ಬರು ಬಂದಿರಲಿಲ್ಲ. "ನಾನು ಆಡ್ತೀನಿ ಸಾರ್, ಕಾಲೇಜಲ್ಲಿ ಆಡ್ತಿದ್ದೆ," ಎಂದೆ. ಅವರು ಒಂದು ಕ್ಷಣ ನನ್ನನ್ನೂ ನನ್ನ ಸಲ್ವಾರನ್ನೂ ನೋಡಿ, ಎದುರಿನ ಮನೆಯ ಕಡೆ ತಿರುಗಿ ಕೂಗಿದರು: "ನೀವೂ ಬನ್ನಿ ಮೇಡಂ, ಇವತ್ತು ಜೊತೆ ಸಿಕ್ಕಿದ್ದಾರೆ ನಿಮಗೆ."

ಹೊರಗೆ ಬಂದವಳೇ ಅಕ್ಕ. ಎತ್ತರದ ಆಳು, ಅಗಲ ಭುಜ, ಮಂಡಿಯವರೆಗಿನ ಜಡೆ. ಇನ್ನೊಂದು ಇಲಾಖೆಯಲ್ಲಿ ಸ್ಟೆನೊ ಆಗಿದ್ದಳು. ಅಣ್ಣನ ಸಂಸಾರದ ಜೊತೆ ಆ ಕ್ವಾರ್ಟರ್ಸಿನಲ್ಲಿದ್ದಳು. ಒಬ್ಬಳೇ ಹೆಂಗಸು ಎಂದು ಅಲ್ಲಿಯವರೆಗೆ ಅವಳನ್ನು ಆಟಕ್ಕೆ ಕರೆದಿರಲಿಲ್ಲ.

"ಲೇಡೀಸ್ ಇಬ್ಬರೂ ಮುಂದೆ, ನೆಟ್ ಹತ್ರ ನಿಂತ್ಕೊಳ್ಳಿ," ಎಂದರು ಯಾರೋ.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಡೆಯನ್ನು ಸುತ್ತಿ ಗಂಟು ಹಾಕಿ, ಹಿಂದಿನ ಗೆರೆಗೆ ನಡೆದಳು. "ನಾ ಹಿಂದ ಆಡಾಕಿ," ಎಂದಳು. ಆಮೇಲೆ ನನ್ನ ಕಡೆ ನೋಡಿ, "ನೀ ಮುಂದ ನಿಲ್ಲು. ನಿನ್ನ ತಲಿ ಮ್ಯಾಲಿಂದ ಹೋದದ್ದೆಲ್ಲಾ ನಂದು."

ನಾನು ಆಗ ಕಡ್ಡಿಯ ಹಾಗಿದ್ದೆ. ಬಲ ಇರಲಿಲ್ಲ, ವೇಗ ಇತ್ತು. ಚೆಂಡು ಎದುರಿನವರ ರ್‍ಯಾಕೆಟ್ ಬಿಡುವ ಮೊದಲೇ ಎಲ್ಲಿಗೆ ಬರುತ್ತದೆಂದು ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಟ್ಟಿನ ಉದ್ದಕ್ಕೂ ಓಡಾಡಿ, ಮಣಿಕಟ್ಟು ತಿರುಗಿಸಿ ಚೆಂಡನ್ನು ನೆಟ್ಟಿನ ಪಕ್ಕಕ್ಕೇ ಇಳಿಸುತ್ತಿದ್ದೆ. ನನ್ನನ್ನು ದಾಟಿ ಹೋದ ಚೆಂಡನ್ನು ನಾನು ತಿರುಗಿ ನೋಡುತ್ತಲೇ ಇರಲಿಲ್ಲ. ಹಿಂದಿನಿಂದ 'ಠಪ್' ಎಂದು ಶಬ್ದ ಬರುತ್ತಿತ್ತು, ಚೆಂಡು ನನ್ನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ವಾಪಸು ಹೋಗುತ್ತಿತ್ತು. ಅಷ್ಟು ಸಾಕಿತ್ತು. ಆ ಭಾನುವಾರದ ಮೇಲೆ ನಮ್ಮಿಬ್ಬರನ್ನು ಯಾರೂ ಬೇರೆ ಬೇರೆ ಕಡೆಗೆ ಹಾಕಲಿಲ್ಲ. ಹಾಕಲು ನಾವು ಬಿಡಲಿಲ್ಲ.

ಆ ವರ್ಷಗಳ ಮೈ ನೆನೆಸಿಕೊಂಡರೆ ನನಗೆ ಈಗ ಇನ್ನೊಬ್ಬರ ಸೊತ್ತನ್ನು ನೋಡಿದ ಹಾಗೆ ಅನ್ನಿಸುತ್ತದೆ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೇ ಆಟ ಶುರು. ಏಳರ ಹೊತ್ತಿಗೆ ನೆಲ ಕಾದು ಪಾದ ಸುಡುತ್ತಿತ್ತು, ನಾವು ಬಿಡುತ್ತಿರಲಿಲ್ಲ. ಆಟ ಮುಗಿಸಿ ಕಾಲೋನಿಯ ಗೇಟಿನ ಹತ್ತಿರ ಭಯ್ಯಾನ ಗಾಡಿಯಲ್ಲಿ ಛೋಲೆ ಭಟೂರೆ ತಿಂದು, ಆಮೇಲೆ ಹಿರಿಯರ ಮನೆಯಲ್ಲಿ ಇಡ್ಲಿಯನ್ನೂ ತಿಂದು, ಹಾಸ್ಟೆಲಿಗೆ ಹೋಗಿ ವಾರದ ಬಟ್ಟೆಯೆಲ್ಲ ಒಗೆದು, ಮಧ್ಯಾಹ್ನ ಅಕ್ಕನ ಜೊತೆ ಬಸ್ಸಿನಲ್ಲಿ ನಿಂತೇ ಹೋಗಿ ಸಿನಿಮಾ ನೋಡಿ ಬರುತ್ತಿದ್ದೆ. ರಾತ್ರಿ ಹಾಸಿಗೆಗೆ ಬಿದ್ದರೆ ಬೆಳಗಾಗುತ್ತಿತ್ತು. ಸೋಮವಾರ ಮೈಕೈ ನೋವು ಎಂಬುದೇ ಇರಲಿಲ್ಲ. ಮೈ ಎಂಬುದು ಒಂದಿದೆ ಎಂದೇ ಗೊತ್ತಿರಲಿಲ್ಲ ಎಂದರೂ ತಪ್ಪಿಲ್ಲ.

ಒಂದು ಚಳಿಗಾಲ ದಕ್ಷಿಣದವರ ಕಾಲೋನಿಗಳೆಲ್ಲ ಸೇರಿ ಪಂದ್ಯ ಇಟ್ಟರು. ಹೆಂಗಸರ ಡಬಲ್ಸ್‌ನಲ್ಲಿ ನಮಗೆ ಎದುರಾದವರು ಇನ್ನೊಂದು ಕಾಲೋನಿಯ ತಮಿಳು ಟೀಚರುಗಳಿಬ್ಬರು, ಅತ್ತಿಗೆ ನಾದಿನಿಯರು. ಬೆಳಗಿನ ಇಬ್ಬನಿಯಲ್ಲಿ ಉಣ್ಣೆಯ ಚೆಂಡು ನೆನೆದು ಕಲ್ಲಿನ ಹಾಗೆ ಭಾರವಾಗಿತ್ತು. ಮೊದಲ ಆಟ ಸೋತೆವು. ವಿರಾಮದಲ್ಲಿ ಅಕ್ಕ ಚೆಂಡನ್ನು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. "ಕಳ್ಳಾಟ ಅಲ್ವಾ ಅಕ್ಕ?" ಎಂದು ನಾನು ಕೇಳಿದೆ. "ಅವರಿಗೂ ಅದ ಚೆಂಡ ಅಲ್ಲೇನು?" ಎಂದಳು. ಉಳಿದೆರಡು ಆಟ ಗೆದ್ದೆವು. ಬಹುಮಾನಕ್ಕೆ ಸ್ಟೀಲಿನ ಡಬ್ಬಿ ಕೊಟ್ಟರು. ಗೆದ್ದವರಿಗೂ ಸೋತವರಿಗೂ ಅದೇ ಡಬ್ಬಿ. ನಮ್ಮದು ಒಂದು ಸುತ್ತು ದೊಡ್ಡದು.

ಆಮೇಲೆ ಮದುವೆಗಳಾದವು. ಮೊದಲು ಅಕ್ಕನದು, ಎರಡು ವರ್ಷಕ್ಕೆ ನನ್ನದು. ನಮ್ಮವರು ಆ ಮೈದಾನದಲ್ಲೇ ಸಿಕ್ಕಿದವರು. ಆದರೆ ಆಡುವವರಲ್ಲ, ಅಂಚಿನಲ್ಲಿ ಕೂತು ಸ್ಕೋರು ಹೇಳುವವರು. ಅವರಿಗೆ ಅದೇ ಕಾಲೋನಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಮಗಳು ಹುಟ್ಟಿ ನಾಲ್ಕೈದು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಮತ್ತೆ ಮೈದಾನಕ್ಕೆ ಇಳಿದೆ. ಊರಿನಿಂದ ಬಾಣಂತನಕ್ಕೆ ಬಂದಿದ್ದ ಅಮ್ಮ, "ಇನ್ನೂ ಮೈ ಹಸಿ ಇದೆ, ಬೇಡ ಕಣೇ," ಎಂದು ಬೇಡಿಕೊಂಡರು. ನಾನು ಕೇಳಲಿಲ್ಲ.

ಮೊದಲ ಚೆಂಡಿಗೇ ಗೊತ್ತಾಯಿತು, ನಾನು ನನ್ನ ಮೈಯನ್ನು ಬಿಟ್ಟು ಬೇರೆ ಯಾರದೋ ಮೈಯೊಳಗೆ ಬಂದಿದ್ದೇನೆ ಎಂದು. ಸೊಂಟ ತಿರುಗುತ್ತಿರಲಿಲ್ಲ. ಓಡಿದರೆ ಹೊಟ್ಟೆ ಒಂದು ಗಳಿಗೆ ತಡವಾಗಿ ಹಿಂದಿನಿಂದ ಬರುತ್ತಿತ್ತು. ನನ್ನ ಕೈಗೆ ಸುಲಭಕ್ಕೆ ಸಿಗಬೇಕಾದ ಚೆಂಡುಗಳು ಒಂದಾದ ಮೇಲೊಂದು ದಾಟಿ ಹೋದವು. ಹಿಂದಿನಿಂದ ಅಕ್ಕ ಮುಂದಕ್ಕೆ ಓಡಿ ಬಂದು ಅವನ್ನೂ ಹೊಡೆದಳು. ನನಗೆ ಅಳು ಬರುವ ಹಾಗಾಯಿತು.

"ಸಾರಿ ಅಕ್ಕ," ಎಂದೆ.

"ಬಿಟ್ಟಬಿಡು. ನಾ ಇದ್ದೀನಿ. ನೀ ಬರೇ ನಿಂತಿರು," ಎಂದಳು, ಏದುಸಿರು ಬಿಡುತ್ತ.

ಆಟದ ಮಧ್ಯದಲ್ಲಿ ಅಂಚಿನಿಂದ ಮಗು ಅತ್ತಿತು. ಅಳು ಕೇಳಿದ್ದೇ ನನ್ನ ಕುಪ್ಪಸ ಒದ್ದೆಯಾಯಿತು. ನಾಚಿಕೆಯಿಂದ ರ್‍ಯಾಕೆಟ್ ಎದೆಗೆ ಅಡ್ಡ ಹಿಡಿದು ನಿಂತೆ. ಅಕ್ಕ ನೋಡಿದಳು, ಯಾರಿಗೂ ಏನೂ ಹೇಳದೆ ತನ್ನ ಶಾಲನ್ನು ತಂದು ನನಗೆ ಹೊದಿಸಿದಳು. ನಾನು ಮಗುವನ್ನು ಎತ್ತಿಕೊಂಡು ಬೇವಿನ ಮರದ ಆಚೆ ಕೂತು ಹಾಲು ಕುಡಿಸಿದೆ. ಅಲ್ಲಿ ಅವಳ ಬೆನ್ನ ಹಿಂದಿನಿಂದ ನೋಡುತ್ತಿದ್ದೆ: ನನ್ನ ಜಾಗಕ್ಕೆ ಅವಳು ಯಾರನ್ನೂ ಕರೆಯಲಿಲ್ಲ. ನೆಟ್ಟಿಗೂ ಹಿಂದಿನ ಗೆರೆಗೂ ತಾನೇ ಓಡಾಡುತ್ತ, ಮುಂದೆ ಒಂದು ಜಾಗ ಖಾಲಿ ಇಟ್ಟುಕೊಂಡೇ ಆಡಿದಳು. ನಾನು ವಾಪಸು ಹೋಗಿ ಆ ಜಾಗದಲ್ಲಿ ನಿಂತೆ. ಸೋತೆವು. ಅದರ ಮುಂದಿನ ವರ್ಷದ ಹೊತ್ತಿಗೆ ನನ್ನ ಮೈ ನನಗೆ ವಾಪಸು ಬಂತು. ಪೂರ್ತಿ ಬಂತು ಎಂದು ಆಗ ಅಂದುಕೊಂಡಿದ್ದೆ. ಒಂದು ಮುಷ್ಟಿಯಷ್ಟು ಕಡಿಮೆ ಬಂದಿತ್ತೇನೋ.

ಹೀಗೇ ಹತ್ತು ಹದಿನೈದು ವರ್ಷ ಕಳೆದವು. ಇಬ್ಬರಿಗೂ ಪ್ರಮೋಷನ್ ಆಯಿತು, ಮಕ್ಕಳು ದೊಡ್ಡವರಾದರು, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರ ಕೊಡುವವರಾದರು. ಆಟ ಪ್ರತಿ ಭಾನುವಾರದ ಬದಲು ತಿಂಗಳಿಗೆ ಎರಡು ಸಲಕ್ಕೆ ಬಂತು. ಗಂಡಸರಲ್ಲಿ ಹಲವರಿಗೆ ಬಿಪಿ, ಶುಗರ್ ಬಂತು. ಐದೈದು ಜನ ಕೂಡದೆ ಮೂರು ಮೂರಕ್ಕೆ ಆಡತೊಡಗಿದೆವು. ನಾನು ಮುಂಚಿನ ಹಾಗೆ ಓಡುತ್ತಿರಲಿಲ್ಲ. ಓಡದೇ ಇರುವುದನ್ನು ಕಲಿತಿದ್ದೆ. ಎದುರಿನವರ ಭುಜ ನೋಡಿಯೇ ಒಂದು ಹೆಜ್ಜೆ ಮೊದಲೇ ಸರಿದು ನಿಲ್ಲುತ್ತಿದ್ದೆ. ಜನ ನನ್ನನ್ನು ಬಹಳ ಹೊಗಳುತ್ತಿದ್ದ ಕಾಲ ಅದು.

ಅಕ್ಕನಿಗೆ ನಲವತ್ತೆಂಟೋ ನಲವತ್ತೊಂಬತ್ತೋ ಇರುವಾಗ ಬಲಭುಜ ಹಿಡಿದುಕೊಂಡಿತು. ಫ್ರೋಝನ್ ಶೋಲ್ಡರ್ ಎಂದರು ಡಾಕ್ಟರು. ಕೈ ಎದೆಯ ಮಟ್ಟಕ್ಕಿಂತ ಮೇಲಕ್ಕೆ ಏಳುತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ಚಾರ್ಟರ್ಡ್ ಬಸ್ಸಿನಲ್ಲಿ. ಆಫೀಸಿನವರೇ ಸೇರಿ ತಿಂಗಳಿಗೆಂದು ಗೊತ್ತುಮಾಡಿಕೊಂಡಿದ್ದ ಬಸ್ಸು ಅದು. ದಿನಾ ನಾವಿಬ್ಬರೂ ಒಂದೇ ಸೀಟು. ಒಂದು ಬೆಳಿಗ್ಗೆ ಅವಳು ಕೂದಲನ್ನು ಬಾಚದೆ ರಬ್ಬರ್ ಬ್ಯಾಂಡಿನಲ್ಲಿ ಹೇಗೋ ಸುತ್ತಿಕೊಂಡು ಬಂದಳು.

"ಏನಕ್ಕ ಇದು, ಹಾಗೇ ಬಂದಿದ್ದೀಯಲ್ಲ?"

"ಕೈ ಹಿಂದಕ ಹೋಗವಲ್ದು," ಎಂದಳು. ಕಿಟಕಿಯ ಆಚೆ ನೋಡುತ್ತಿದ್ದಳು. "ಮೂರು ತಿಂಗಳಾತು. ಮನ್ಯಾಗ ಮಗಾ ಬಾಚತಿದ್ದ. ಇವತ್ತ ಅವಂಗ ಪರೀಕ್ಷಾ."

ನಾನು ಬ್ಯಾಗಿನಿಂದ ಬಾಚಣಿಗೆ ತೆಗೆದು, ಅವಳನ್ನು ಆ ಕಡೆ ತಿರುಗಿಸಿ, ಓಡುವ ಬಸ್ಸಿನಲ್ಲೇ ಜಡೆ ಹೆಣೆದೆ. ಜಡೆ ಅರ್ಧಕ್ಕರ್ಧ ಸಣ್ಣಗಾಗಿತ್ತು. ಆಮೇಲೆ ಎಷ್ಟೋ ತಿಂಗಳು ಅದು ನನ್ನ ಬೆಳಗಿನ ಕೆಲಸವಾಯಿತು. ಹಿಂದಿನ ಸೀಟಿನ ಪಂಜಾಬಿ ಹೆಂಗಸೊಬ್ಬರು, "ಬೆಹೆನ್ ಹೈ ಕ್ಯಾ?" ಎಂದು ಕೇಳಿದರು. ಅಕ್ಕತಂಗಿಯರೇ ಆದವರ ಹಾಗೆ ನಾವಿಬ್ಬರೂ ಒಟ್ಟಿಗೆ "ಹಾಂ ಜೀ" ಎಂದೆವು.

ಭುಜ ನಿಧಾನವಾಗಿ ಸಡಿಲಾಯಿತು, ಆದರೆ ಮೊದಲಿನ ಹಾಗೆ ಆಗಲಿಲ್ಲ. ತಲೆಯ ಮೇಲಿಂದ ಹೊಡೆಯುವ ಆ 'ಠಪ್' ಮತ್ತೆ ಕೇಳಿಸಲಿಲ್ಲ. ಒಂದು ಭಾನುವಾರ ಅವಳು ಮೈದಾನಕ್ಕೆ ಬಂದಳು. ಹಿಂದಿನ ಗೆರೆಗೆ ಹೋಗುವವಳು ಅರ್ಧದಲ್ಲೇ ನಿಂತು, "ಇನ್ನ ನೀ ಹಿಂದ ಹೋಗು," ಎಂದಳು. ಮುಖದಲ್ಲಿ ಏನೂ ತೋರಿಸಲಿಲ್ಲ. "ಕೆಳಗಿಂದು ನನಗ ಆಗತೇತಿ. ಮ್ಯಾಲಿಂದು ಆಗಂಗಿಲ್ಲ."

ನಾನು ಹಿಂದಕ್ಕೆ ಹೋದೆ. ಇಪ್ಪತ್ತು ವರ್ಷ ಆಡಿದ ಮೈದಾನ, ನನಗೆ ಗುರುತೇ ಸಿಗಲಿಲ್ಲ. ಮುಂದೆ ನಿಂತವಳಿಗೆ ನೆಟ್ ಮಾತ್ರ ಕಾಣುತ್ತದೆ. ಹಿಂದಿನಿಂದ ನೋಡಿದರೆ ಎಡಕ್ಕೂ ಬಲಕ್ಕೂ ಅಷ್ಟಗಲ ಬಯಲು, ಅದನ್ನೆಲ್ಲ ನಾನೇ ಕಾಯಬೇಕು. ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಿ ನಾಲ್ಕು ಚೆಂಡು ಹೊಡೆಯುವುದರೊಳಗೆ ತೊಡೆ ಹಿಡಿದುಕೊಂಡಿತು. ಇಷ್ಟನ್ನೂ ಅವಳು ಒಬ್ಬಳೇ, ಸೀರೆಯುಟ್ಟುಕೊಂಡು, ಇಷ್ಟು ವರ್ಷ ಓಡಿದ್ದಳು. ನನ್ನಿಂದ ತಪ್ಪಿ ಬಂದ ಒಂದೊಂದು ಚೆಂಡೂ ಅವಳಿಗೆ ಎಷ್ಟು ಹೆಜ್ಜೆಯ ಓಟವಾಗಿತ್ತು ಎಂದು ನನಗೆ ಅವತ್ತು ಕಾಲಿನಿಂದ ತಿಳಿಯಿತು. ಆಟ ಮುಗಿದ ಮೇಲೆ ಅದನ್ನು ಅವಳಿಗೆ ಹೇಳಿದೆ.

ಅವಳು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗ ಇವತ್ತ ಮುಂದ ನಿಂತು ಗೊತ್ತಾತು, ನೀ ಎಷ್ಟು ಹೊಡತ ಮಾರೀಗೆ ತಗೊಂಡಿ ಅಂತ. ಬಂದದ್ದೆಲ್ಲಾ ಮೂಗಿನ ಮುಂದನ ಬರತೇತಿ," ಎಂದಳು.

ಹೊಸ ಜಾಗಗಳಿಗೆ ಇಬ್ಬರೂ ಒಗ್ಗಿಕೊಂಡೆವು. ಅವಳು ಮುಂದೆ ಗೋಡೆಯ ಹಾಗೆ ನಿಂತು ಬಂದದ್ದನ್ನು ತಡೆಯುತ್ತಿದ್ದಳು. ನಾನು ಹಿಂದೆ ಬಲವಾಗಿ ಹೊಡೆಯಲಾಗದೆ, ಎತ್ತರಕ್ಕೆ ಎತ್ತಿ ಹಾಕಿ ಹೊತ್ತು ಕಳೆಯುತ್ತಿದ್ದೆ. ನೋಡುವವರಿಗೆ ಆ ಆಟದಲ್ಲಿ ಏನೂ ಇರಲಿಲ್ಲ. ನಮಗೆ ಅದೇ ಅತ್ಯಂತ ಸುಖದ ಕಾಲವಾಗಿತ್ತು ಎಂದು ಈಗ ಅನ್ನಿಸುತ್ತದೆ. ಗೆಲ್ಲಬೇಕೆಂಬ ಕಾವು ಇಳಿದಿತ್ತು, ಕಾಲಿನ್ನೂ ಮಾತು ಕೇಳುತ್ತಿತ್ತು.

ಆಟ ನಿಂತದ್ದು ಯಾವಾಗ ಎಂದು ಕೇಳಿದರೆ ಹೇಳಲಾರೆ. ಕೊನೆಯ ಆಟ ಇದು ಎಂದು ಯಾರೂ ಆಡಲಿಲ್ಲ. ಇಡ್ಲಿಗೆ ಕರೆದಿದ್ದ ಹಿರಿಯರು ನಿವೃತ್ತರಾಗಿ ಬೆಂಗಳೂರಿಗೆ ಹೋದರು, ಅವರ ಹಿಂದೆ ಇನ್ನಿಬ್ಬರು. ಒಂದು ಚಳಿಗಾಲ ಮಂಜು ಬಹಳವೆಂದು ಬಿಟ್ಟೆವು, ಬೇಸಿಗೆಗೆ ಮತ್ತೆ ಕೂಡಲಿಲ್ಲ. ಅಕ್ಕನ ಮನೆಯವರು ಪೀತಮ್‌ಪುರದಲ್ಲಿ ಫ್ಲ್ಯಾಟು ಕೊಂಡರು, ನಾವು ಇಂದಿರಾಪುರಂನಲ್ಲಿ. ಊರಿನ ಈ ತುದಿಗೂ ಆ ತುದಿಗೂ ಆದೆವು. ಕೆಲವು ವರ್ಷಗಳ ಮೇಲೆ ಆ ಕ್ವಾರ್ಟರ್ಸುಗಳನ್ನು ಕೆಡವಿ ದೊಡ್ಡ ಕಟ್ಟಡಗಳನ್ನು ಎಬ್ಬಿಸಿದರು. ಒಮ್ಮೆ ಕ್ಯಾಬಿನಲ್ಲಿ ಆ ರಸ್ತೆಯಲ್ಲಿ ಹೋದಾಗ ನಮ್ಮವರು ತಗಡಿನ ಬೇಲಿ ತೋರಿಸಿ, "ನೆಟ್ ಇಲ್ಲೇ ಕಟ್ತಿದ್ವಿ ಅನ್ಸತ್ತೆ," ಎಂದರು. ನಾನು "ಇಲ್ಲ, ಇನ್ನೂ ಆಚೆ," ಎಂದೆ. ಇಬ್ಬರಿಗೂ ಖಾತ್ರಿ ಇರಲಿಲ್ಲ.

ಮೂರು ವರ್ಷಗಳ ಹಿಂದೆ ಅಕ್ಕನ ಎರಡೂ ಮಂಡಿಗಳನ್ನು ಬದಲಿಸಿದರು. ಅವಳ ಮನೆ ಲಿಫ್ಟಿಲ್ಲದ ಎರಡನೇ ಮಹಡಿ. ಅದಕ್ಕೂ ಮುಂಚಿನ ಒಂದು ವರ್ಷ ಅವಳು ಕೆಳಗಿನ ಮಾರ್ಕೆಟ್ಟಿಗೂ ಇಳಿದಿರಲಿಲ್ಲ. ತರಕಾರಿ ಭಯ್ಯಾನಿಗೆ ಬಾಲ್ಕನಿಯಿಂದ ಬುಟ್ಟಿ ಇಳಿಬಿಡುತ್ತಿದ್ದಳು. ಆಪರೇಷನ್ ಆದ ಮೇಲೆ ನಾನು ಮೆಟ್ರೊ ಬದಲಿಸಿಕೊಂಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ವಾಕರ್ ಹಿಡಿದು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಅವಳು ನಡೆಯುವಾಗ ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಫಿಸಿಯೊಥೆರಪಿ ಮಾಡಿಸಲು ಬರುತ್ತಿದ್ದ ಹುಡುಗಿ, "ಔರ್ ಥೋಡಾ ಮೋಡಿಯೇ ಆಂಟೀಜೀ," ಎಂದು ಮಂಡಿ ಮಡಚಿಸುವಾಗ ಅಕ್ಕ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಅವಳ ಹಿಡಿತದಲ್ಲಿ ಹಳೆಯ ಬಲ ಹಾಗೇ ಇತ್ತು. ನನ್ನ ಬೆರಳುಗಳು ನೋಯುತ್ತಿದ್ದವು.

"ನಿನಗೇನು, ಆರಾಮ ನಿಂತಿ," ಎಂದು ಒಂದು ದಿನ ಬೈದಳು.

"ನಾನೂ ಮಾಡ್ತೀನಿ ಬಿಡು," ಎಂದು ಅವಳ ಪಕ್ಕದಲ್ಲೇ ಮಂಚದ ಮೇಲೆ ಮಲಗಿ ಕಾಲೆತ್ತಿದೆ. ನನ್ನ ಕಾಲೂ ಅರ್ಧದಲ್ಲೇ ನಡುಗಿತು. ಆ ಹುಡುಗಿ ನನ್ನನ್ನೂ ಹಿಡಿದು ಕೂರಿಸಿದಳು. ಅವತ್ತಿನಿಂದ ಬೆಳಿಗ್ಗೆ ಏಳಕ್ಕೆ ಅಕ್ಕನಿಗೆ ವಿಡಿಯೊ ಕಾಲ್ ಮಾಡುತ್ತೇನೆ. ಅವಳು ಅಲ್ಲಿ, ನಾನು ಇಲ್ಲಿ, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುತ್ತೇವೆ, ಇಳಿಸುತ್ತೇವೆ. ನಡುವೆ ಸೊಸೆಯ ವಿಷಯ, ಮಗಳ ವಿಷಯ, ಅವತ್ತಿನ ಹುಳಿಗೆ ಏನು ತರಕಾರಿ ಎಂಬ ವಿಷಯ. ಅವಳು ಫೋನನ್ನು ಗಿಡ್ಡ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ ಇಡುವುದರಿಂದ ನನಗೆ ಕಾಣುವುದು ಅವಳ ಮೊಣಕಾಲು ಮತ್ತು ಪಾದ ಮಾತ್ರ. ಮಂಡಿಯ ಮೇಲಿನ ಹೊಲಿಗೆಯ ಗೆರೆ ದಿನದಿಂದ ದಿನಕ್ಕೆ ಮಾಸಿದ್ದನ್ನು ನಾನು ಹಾಗೇ ನೋಡಿದ್ದು.

ಬಟಾಣಿಯ ಪ್ರಸಂಗವಾದ ಕೆಲವು ವಾರಗಳಿಗೆ, ನಮ್ಮ ಟವರಿನ ಲಿಫ್ಟಿನಲ್ಲಿ ಒಬ್ಬ ಹುಡುಗಿ ಸಿಕ್ಕಿದಳು. ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ಮಾತು ಬೆಳೆಯಿತು. ಮಂಗಳೂರಿನವಳು, ನೋಯ್ಡಾದ ಐಟಿ ಕಂಪನಿಯಲ್ಲಿ ಕೆಲಸ. ಸೊಸೈಟಿಯ ಕೋರ್ಟಿನಲ್ಲಿ ಭಾನುವಾರ ನಾಲ್ಕೈದು ಜನ ಕನ್ನಡದವರು ಶಟಲ್ ಆಡುತ್ತಾರಂತೆ. ಅವಳು ಚರ್ಚು ಮುಗಿಸಿಕೊಂಡು ಬರುವುದರಿಂದ ಹತ್ತೂವರೆಗೆ ಶುರುಮಾಡುತ್ತಾರಂತೆ. ನಾನು ಬಾಯಿತಪ್ಪಿ ಬಾಲ್ ಬ್ಯಾಡ್ಮಿಂಟನ್ ಎಂದೆ. ಹುಡುಗಿಯ ಮುಖ ಅರಳಿತು.

"ನಾನು ಸಹ ಕಾಲೇಜಲ್ಲಿ ಅದನ್ನೇ ಆಡಿದ್ದು ಆಂಟಿ. ಇಲ್ಲಿ ಹೇಳಿದ್ರೆ ಯಾರಿಗೂ ಗೊತ್ತೇ ಇಲ್ಲ. ಮುಂದಿನ ತಿಂಗಳು ಊರಿಗೆ ಹೋಗ್ತೇನೆ, ಬಾಲ್ ತರ್ತೇನೆ."

ತಂದಳು. ನಾನು ಅಕ್ಕನಿಗೆ ಹೇಳಿದೆ. ಅಕ್ಕ ತನ್ನ ಡಾಕ್ಟರಿಗೆ ಕೇಳಿದಳು. ಓಡಬಾರದು, ಜಿಗಿಯಬಾರದು, ನಿಂತಲ್ಲೇ ಬೇಕಾದರೆ ಆಡಿ ಎಂದರಂತೆ. ಮಾರ್ಚಿನ ಒಂದು ಭಾನುವಾರ ಅವಳ ಮಗ ಅವಳನ್ನು ಕಾರಿನಲ್ಲಿ ತಂದು ಬಿಟ್ಟುಹೋದ. ಬಿಳಿ ಕ್ಯಾನ್ವಾಸ್ ಶೂ, ಸಲ್ವಾರ್ ಕಮೀಜ್, ಕತ್ತರಿಸಿದ ಕೂದಲು. ಸಲ್ವಾರಿನಲ್ಲಿ ನಾನು ಅವಳನ್ನು ಅದಕ್ಕೂ ಮುಂಚೆ ನೋಡಿಯೇ ಇರಲಿಲ್ಲ.

ನಾವಿಬ್ಬರೂ ರೂಢಿಯಂತೆ ಒಂದೇ ಕಡೆಗೆ ಹೋಗಿ ನಿಂತೆವು. ಎದುರಿಗೆ ಮಂಗಳೂರಿನ ಹುಡುಗಿ ಮತ್ತು ಬಳ್ಳಾರಿಯ ಒಬ್ಬ ಹುಡುಗ. ಅವನು ಗುರುಗ್ರಾಮದ ಯಾವುದೋ ಆಫೀಸಿನಲ್ಲಿದ್ದಾನೆ, ಆಗ ರಂಜಾನಿನ ಉಪವಾಸದಲ್ಲಿದ್ದ. ನೀರೂ ಕುಡಿಯದೆ ಆಡುವವನ ಎದುರೂ ನಮ್ಮದು ನಡೆಯಲಿಲ್ಲ. ಚೆಂಡು ಬರುವುದು ಕಾಣುತ್ತಿತ್ತು. ಎಲ್ಲಿ ಬೀಳುತ್ತದೆ ಎಂಬುದೂ ಮೊದಲಿನಷ್ಟೇ ಬೇಗ ತಿಳಿಯುತ್ತಿತ್ತು. ಮನಸ್ಸು ಅಲ್ಲಿಗೆ ಹೋಗಿ ನಿಂತು ಕಾಲಿಗಾಗಿ ಕಾಯುತ್ತಿತ್ತು. ಕಾಲು ಬರುವಷ್ಟರಲ್ಲಿ ಚೆಂಡು ನೆಲದ ಮೇಲೆ. ಅಕ್ಕನ ಎಡಕ್ಕೆ ಒಂದು ಗೇಣು ಆಚೆ ಬಿದ್ದದ್ದನ್ನು ಅವಳು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು. ಒಂದಂಕಿಯ ಮೇಲೆ ನಮ್ಮ ಸ್ಕೋರು ಏರಲೇ ಇಲ್ಲ. ಅಂಚಿನಲ್ಲಿ ಕುರ್ಚಿ ಹಾಕಿಕೊಂಡಿದ್ದ ನಮ್ಮವರು ಅದನ್ನೇ ಗಟ್ಟಿಯಾಗಿ, ಮುಂಚಿನ ಗತ್ತಿನಲ್ಲೇ ಕೂಗುತ್ತಿದ್ದರು.

"ಹೀಗೆ ಬೇಡ ಆಂಟಿ, ಬ್ಯಾಲೆನ್ಸ್ ಆಗ್ಲಿ," ಎಂದ ಬಳ್ಳಾರಿಯ ಹುಡುಗ. "ಒಬ್ರು ಈ ಕಡೆ ಬನ್ನಿ."

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಕ್ಕ, "ಚಲೋ, ನಾ ಹೊಕ್ಕೀನಿ," ಎಂದು ನಿಧಾನಕ್ಕೆ ನೆಟ್ಟನ್ನು ಸುತ್ತಿಕೊಂಡು ಆಚೆಗೆ ಹೋದಳು. ಆ ಹುಡುಗ ಅವಳ ಹಿಂದೆ ನಿಂತ. ನನ್ನ ಹಿಂದೆ ಮಂಗಳೂರಿನ ಹುಡುಗಿ.

ಹಾಗೆ ನಾನೂ ಅಕ್ಕನೂ ನೆಟ್ಟಿನ ಎರಡು ಕಡೆ ಎದುರುಬದುರಾದೆವು. ಆಗ ನನಗೆ ಹೊಳೆಯಿತು: ಇಷ್ಟು ವರ್ಷಗಳಲ್ಲಿ ನಾನು ಆಡುವ ಅಕ್ಕನ ಮುಖವನ್ನೇ ನೋಡಿಲ್ಲ. ಮೊದಲು ಅವಳು ನನ್ನ ಬೆನ್ನ ಹಿಂದಿದ್ದಳು. ಆಮೇಲೆ ಅವಳ ಬೆನ್ನು ನನ್ನ ಮುಂದಿತ್ತು. ಹೊಡೆತದ ಶಬ್ದ ಗೊತ್ತು, ಭುಜ ಗೊತ್ತು, ಜಡೆಯ ಗಂಟು ಗೊತ್ತು. ಮುಖ ಗೊತ್ತಿರಲಿಲ್ಲ.

ಹುಡುಗಿ ಸರ್ವ್ ಮಾಡಿದಳು. ಚೆಂಡು ಅಕ್ಕನ ಮುಂದೆ ಬಂತು. ಅವಳು ಹುಬ್ಬು ಗಂಟಿಕ್ಕಿ, ನಾಲಿಗೆಯ ತುದಿಯನ್ನು ಬಾಯಿಯ ಎಡ ಅಂಚಿಗೆ ತಂದು ಕಚ್ಚಿಕೊಂಡು, ಬರೆಯಲು ಕಲಿಯುವ ಮಗುವಿನ ಹಾಗೆ ಅಷ್ಟೂ ಗಮನವಿಟ್ಟು ಚೆಂಡನ್ನು ಎತ್ತಿದಳು. ನಾನು ಅವಳನ್ನೇ ನೋಡುತ್ತ ನಿಂತುಬಿಟ್ಟೆ. ಚೆಂಡು ನನ್ನ ಭುಜಕ್ಕೆ ತಾಗಿ ಕೆಳಗೆ ಬಿತ್ತು.

"ಎಲ್ಲಿ ನೋಡಾಕತ್ತಿ?" ಎಂದಳು ಅಕ್ಕ.

"ನಿನ್ನನ್ನೇ. ಹೊಡೆಯುವಾಗ ನೀನು ನಾಲಿಗೆ ಕಚ್ಚಿಕೊಳ್ತೀಯ ಅಕ್ಕ."

"ಯಾರ ಹೇಳಿದ್ರು?"

"ಈಗ ನೋಡಿದೆ."

ಅವಳು ಒಪ್ಪಲಿಲ್ಲ. ನಮ್ಮವರನ್ನು ಸಾಕ್ಷಿ ಕೇಳಿದಳು. ಅವರು, ಮೊದಲ ದಿನದಿಂದಲೂ ಕಚ್ಚಿಕೊಳ್ಳುತ್ತಾರೆ, ಎಲ್ಲರಿಗೂ ಗೊತ್ತು, ಎಂದರು. ಅಕ್ಕ ನಾಚಿ ನಕ್ಕಳು. ಮುಂದಿನ ಚೆಂಡಿಗೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನಿಂತು, ಹೊಡೆಯುವ ಹೊತ್ತಿಗೆ ಮರೆತು ಮತ್ತೆ ನಾಲಿಗೆ ತಂದಳು. ಆ ಚೆಂಡನ್ನು ನಾನು ಹಿಂದಿರುಗಿಸಿದೆ, ಅವಳೂ ಹಿಂದಿರುಗಿಸಿದಳು. ಮಕ್ಕಳಿಬ್ಬರೂ ಹಿಂದೆ ಸುಮ್ಮನೆ ನಿಂತಿದ್ದರು. ನಾವು ನೆಟ್ಟಿನ ಮೇಲಿಂದ ಮೆತ್ತಗೆ, ಒಬ್ಬರ ಕೈಗೆ ಇನ್ನೊಬ್ಬರು ಇಡುವ ಹಾಗೆ, ಸ್ವಲ್ಪ ಹೊತ್ತು ಹಾಗೇ ಆಡಿದೆವು.

ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ ಅಕ್ಕ ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಮಗಳು ಐಸ್ ಪ್ಯಾಕ್ ತಂದು ಅವಳ ಮಂಡಿಗಳ ಮೇಲೆ ಇಟ್ಟು, "ಮಾಸಿ, ಬಹುತ್ ಹೋ ಗಯಾ ಆಜ್ ಕೇ ಲಿಯೇ," ಎಂದು ಇವತ್ತಿಗೆ ಸಾಕೆನ್ನುವ ಹಾಗೆ ಗದರಿದಳು. ಸಂಜೆ ಕಾರು ಬಂದಾಗ ನಾನು ಕೆಳಗಿನವರೆಗೂ ಹೋದೆ. ಅವಳು ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡಳು. ಕಿಟಕಿಯ ಗಾಜು ಇಳಿಸಿ, "ನಾಳೆ ಏಳಕ್ಕ ಫೋನ್ ಮಾಡಬ್ಯಾಡ. ಎಂಟಕ್ಕ ಮಾಡು," ಎಂದಳು.